ಬಿಲ್ಲಿನ ಮೇಲೆ ನೋಟು, ನೋಟಿನ ಮೇಲೆ ನಾಣ್ಯ: ಬಿಲ್ಲಿಂಗ್ ಕೌಂಟರಿನ ಸಣ್ಣ ಕಿರಿಕಿರಿಗಳಿಗೆ ನೀವು ಏನು ಮಾಡುತ್ತೀರಿ?

ಸಂಜೆಮಲ್ಲಿಗೆ

ದೊಡ್ಡ ವಿಷಯವೇನಲ್ಲ. ಆದರೂ ಪ್ರತಿ ಸಲ ಅಂಗಡಿಯಿಂದ ಹೊರಗೆ ಬರುವಾಗ ಇದೇ ತಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಕೇಳುತ್ತಿದ್ದೇನೆ.

ಹಣ ಕೊಟ್ಟ ಮೇಲೆ ಕ್ಯಾಶಿಯರ್ ಮೊದಲು ನನ್ನ ಅಂಗೈ ಮೇಲೆ ಬಿಲ್ ಇಡುತ್ತಾರೆ. ಅದರ ಮೇಲೆ ನೋಟು. ಅದರ ಮೇಲೆ ನಾಣ್ಯ. ಬಿಲ್ಲಿನ ಕಾಗದ ನುಣುಪು, ನಾಣ್ಯ ಜಾರುತ್ತದೆ. ಇನ್ನೊಂದು ಕೈಯಲ್ಲಿ ಪರ್ಸ್ ಇರುತ್ತದೆ, ಹಾಗಾಗಿ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ನಾನು ಅಲ್ಲೇ ಬಗ್ಗಿ ನಾಣ್ಯ ಹುಡುಕುತ್ತಿರುವಾಗ ಹಿಂದಿನವರ ಸಾಮಾನು ಆಗಲೇ ಬೀಪ್ ಬೀಪ್ ಅಂತ ಸ್ಕ್ಯಾನ್ ಆಗಿ ನನ್ನ ಸಾಮಾನಿನ ಮೇಲೆ ಬಂದು ಬೀಳುತ್ತಿರುತ್ತದೆ, ಯಾವುದು ನನ್ನದು ಯಾವುದು ಅವರದು ಅಂತ ಬೇರೆ ಮಾಡುವುದೇ ಒಂದು ಕೆಲಸ.

ಕ್ಯಾಶಿಯರ್ ಮೇಲೆ ನನಗೆ ಸಿಟ್ಟಿಲ್ಲ. ಜಗಳ ಆಡುವ ಸ್ವಭಾವವೂ ನನ್ನದಲ್ಲ. ಆದರೆ ಸುಮ್ನೆ ಇದ್ದು ಇದ್ದು ಸಾಕಾಗಿದೆ. ನೀವಾದರೆ ಏನು ಹೇಳುತ್ತೀರಿ? ಯಾವ ಮಾತಿನಲ್ಲಿ ಹೇಳುತ್ತೀರಿ?

ಕೌಂಟರಿನ ಆಚೆ

ನಾನು ಆರು ವರ್ಷ ಕ್ಯಾಶಿಯರ್ ಆಗಿದ್ದೆ. ಈಗ ಬೇರೆ ಕೆಲಸ. ಇದನ್ನು ಓದಿ ಸುಮ್ನಿರಲು ಆಗಲಿಲ್ಲ.

ಮೊದಲು ಯಾಕೆ ಹಾಗೆ ಕೊಡುತ್ತೇವೆ ಅಂತ ಹೇಳುತ್ತೇನೆ. ಪರದೆಯ ಮೇಲೆ ಎಷ್ಟು ವಾಪಸ್ ಕೊಡಬೇಕು ಅಂತ ಬರುತ್ತದೆ. ನಾವು ದೊಡ್ಡ ನೋಟಿನಿಂದ ಶುರು ಮಾಡಿ ಸಣ್ಣದಕ್ಕೆ ಇಳಿಯುತ್ತೇವೆ, ನಾಣ್ಯ ಕೊನೆಗೆ. ಅಷ್ಟರಲ್ಲಿ ಬಿಲ್ ಹೊರಗೆ ಬಂದಿರುತ್ತದೆ, ಅದನ್ನು ಹರಿದು ಎಲ್ಲದರ ಕೆಳಗೆ ತಟ್ಟೆಯ ಹಾಗೆ ಹಿಡಿದು ಕೊಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದೆ. ನಮಗೆ ಸುಲಭ. ನಿಮಗೆ ಕಷ್ಟ. ಕೌಂಟರಿನ ಆಚೆ ನಿಂತವರಿಗೆ ಅದು ಕಾಣುವುದಿಲ್ಲ, ನನಗೂ ಕಂಡಿರಲಿಲ್ಲ.

ಈಗ ಮುಖ್ಯ ವಿಷಯ. ಏನು ಹೇಳುತ್ತೀರಿ ಅನ್ನುವುದಕ್ಕಿಂತ ಯಾವಾಗ ಹೇಳುತ್ತೀರಿ ಅನ್ನುವುದು ಜಾಸ್ತಿ ಕೆಲಸ ಮಾಡುತ್ತದೆ. ನೋಟು ನನ್ನ ಕೈಗೆ ಕೊಡುವಾಗಲೇ, ಡ್ರಾಯರ್ ತೆರೆಯುವ ಮೊದಲೇ ಹೇಳಿ: "ಚಿಲ್ಲರೆ ಮೊದಲು ಕೈಗೆ ಕೊಡ್ತೀರಾ? ಬಿಲ್ ಚೀಲಕ್ಕೆ ಹಾಕಿಬಿಡಿ." ಅಷ್ಟೇ ಸಾಕು. ಡ್ರಾಯರ್ ತೆರೆದ ಮೇಲೆ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿನಿಂದ ಎಣಿಸಬೇಕು, ಆಗ ಮುಖ ಗಂಟು ಹಾಕಿಕೊಳ್ಳುವುದು ನಿಮ್ಮ ಮೇಲಿನ ಸಿಟ್ಟಿನಿಂದ ಅಲ್ಲ. ದಿನದ ಕೊನೆಗೆ ಡ್ರಾಯರಿನ ಲೆಕ್ಕ ಕೂಡಿ ಬರದಿದ್ದರೆ ಉತ್ತರ ಕೊಡಬೇಕಾದವರು ನಾವು.

ಹಳೇಚೀಲ

ಹಿಂದಿನವರ ಸಾಮಾನು ಬಂದು ಬೀಳುವುದಕ್ಕೆ ನಾನು ಕಂಡುಕೊಂಡ ದಾರಿ ಬಹಳ ಸರಳ. ಹಣ ಕೊಟ್ಟ ಮೇಲೂ ನಿಂತ ಜಾಗ ಬಿಡುವುದಿಲ್ಲ. ಪರ್ಸ್ ಮುಚ್ಚಿ ಒಳಗಿಟ್ಟು, ಚೀಲದ ಹಿಡಿ ಕೈಗೆ ಬರುವ ತನಕ ಅಲ್ಲೇ ಇರುತ್ತೇನೆ. ಮೊದಲೆಲ್ಲ ಗಾಬರಿಯಿಂದ ಪಕ್ಕಕ್ಕೆ ಸರಿಯುತ್ತಿದ್ದೆ, ನಾಣ್ಯ ಒಂದು ಕೈಯಲ್ಲಿ, ತೆರೆದ ಪರ್ಸ್ ಇನ್ನೊಂದು ಕೈಯಲ್ಲಿ, ಹಾಗೆ ಎರಡು ಸಲ ಕಾರ್ಡ್ ಕಳೆದುಕೊಂಡಿದ್ದೇನೆ.

ಇನ್ನೊಂದು. ಸಾಮಾನು ಬೆಲ್ಟ್ ಮೇಲೆ ಇಡುವಾಗಲೇ ಭಾರದ್ದು ಮುಂದೆ, ಒಡೆಯುವಂಥದ್ದು ಕೊನೆಗೆ. ಅವು ಅದೇ ಕ್ರಮದಲ್ಲಿ ಆ ಕಡೆ ಬರುತ್ತವೆ, ಬಂದ ಹಾಗೇ ಚೀಲಕ್ಕೆ ಹಾಕಬಹುದು. ಸಾಮಾನು ಎಸೆಯುತ್ತಾರೆ ಅಂತ ನನಗೆ ತುಂಬಾ ಬೇಜಾರಿತ್ತು. ಈಗ ಒಡೆಯುವ ವಸ್ತುವನ್ನು ಬೆಲ್ಟ್ ಮೇಲೆ ಇಡದೆ ಕೈಯಲ್ಲೇ ಹಿಡಿದು ಕೊನೆಗೆ ಕ್ಯಾಶಿಯರ್ ಕೈಗೆ ಕೊಡುತ್ತೇನೆ. ಕೈಯಿಂದ ಕೈಗೆ ಹೋದದ್ದನ್ನು ಯಾರೂ ಎಸೆಯುವುದಿಲ್ಲ.

ಒಂದೇ ಕಿವಿ

ನನ್ನ ತೊಂದರೆ ಬೇರೆ. ನನಗೆ ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ಅರ್ಧ. ಕ್ಯಾಶಿಯರ್ ತಲೆ ತಗ್ಗಿಸಿ ಪರದೆ ನೋಡುತ್ತಾ ಏನೋ ಕೇಳುತ್ತಾರೆ. ನಾನು "ಏನು?" ಅನ್ನುತ್ತೇನೆ. ಅವರು ಅದೇ ದನಿಯಲ್ಲಿ, ಅದೇ ಪರದೆ ನೋಡುತ್ತಾ, ಮತ್ತೆ ಅದನ್ನೇ ಹೇಳುತ್ತಾರೆ. ಮೂರನೇ ಸಲ ಕೇಳಿದರೆ ಉಸ್ಸೆನ್ನುತ್ತಾರೆ. ಆ ಉಸಿರು ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಬಹಳ ವರ್ಷ ನಾಚಿಕೊಂಡು ತಲೆಯಾಡಿಸಿ ಬೇಡದ್ದಕ್ಕೆಲ್ಲ ಹೂಂ ಅಂದಿದ್ದೇನೆ. ಈಗ ಕೌಂಟರ್ ತಲುಪಿದ ತಕ್ಷಣ ಮೊದಲ ಮಾತೇ ನನ್ನದು: "ನಂಗೆ ಕಿವಿ ಮಂದ, ಸ್ವಲ್ಪ ನನ್ನ ಮುಖ ನೋಡಿ ಹೇಳಿ." ಹತ್ತರಲ್ಲಿ ಎಂಟು ಜನ ತಕ್ಷಣ ತಲೆ ಎತ್ತುತ್ತಾರೆ. ಕೆಲವರು ಬೆರಳಿನಿಂದ ಮೊತ್ತ ತೋರಿಸುತ್ತಾರೆ. ಗ್ರಾಹಕರ ಕಡೆಗೆ ತಿರುಗಿಸುವ ಸಣ್ಣ ಪರದೆ ಇದ್ದರೆ ಅದನ್ನು ನನ್ನ ಕಡೆ ತಿರುಗಿಸುತ್ತಾರೆ. ಮತ್ತೆ ಒಂದು ಗಮನಿಸಿದ್ದೇನೆ, ಒಂದು ಅಂಗಡಿಯಲ್ಲಿ ಪ್ರಶ್ನೆಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರುತ್ತವೆ. ಚೀಲ ಬೇಕಾ, ಸದಸ್ಯತ್ವ ಇದೆಯಾ, ಕಾರ್ಡಾ ನಗದಾ, ಬಿಲ್ ಬೇಕಾ. ಎರಡು ಸಲ ಹೋದರೆ ಕ್ರಮ ಗೊತ್ತಾಗುತ್ತದೆ. ಕೇಳುವ ಮೊದಲೇ ಉತ್ತರ ಹೇಳಿಬಿಡುತ್ತೇನೆ.

ನೇರವಾಗಿ

ಎಲ್ಲರೂ ಗ್ರಾಹಕರೇ ಹೊಂದಿಕೊಳ್ಳಬೇಕು ಅನ್ನುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ.

ನಾನು ಎದುರಿಗೆ ನಿಂತಿರುವಾಗ ಪಕ್ಕದ ಕೌಂಟರಿನವರ ಜೊತೆ ರಜೆಯ ವಿಷಯ ಮಾತಾಡುತ್ತಾ, ನನ್ನ ಮುಖವನ್ನೂ ನೋಡದೆ ಕೈ ಚಾಚುವುದು ಸರಿಯಾ? ನಾಣ್ಯವನ್ನು ನನ್ನ ಚಾಚಿದ ಕೈಗೆ ಕೊಡದೆ ಕೌಂಟರ್ ಮೇಲೆ ಚೆಲ್ಲುವುದು? ನಾನು ಸಾಲಿನಲ್ಲಿ ಕಾದು ನನ್ನ ಸರದಿ ಬಂದಾಗ ಬೋರ್ಡ್ ತಿರುಗಿಸಿ "ಕ್ಲೋಸ್" ಅನ್ನುವುದು? ಮತ್ತೆ ಪ್ರತಿ ಸಲ ಫೋನ್ ನಂಬರ್. ಕೊಡುವುದಿಲ್ಲ ಅಂದರೆ ಯಾಕೆ ಅಂತ ಇನ್ನೊಂದು ಪ್ರಶ್ನೆ. ಇವೆಲ್ಲ ಸಣ್ಣವೇ. ಆದರೆ ಮನುಷ್ಯನನ್ನು ಮನುಷ್ಯನ ಹಾಗೆ ನೋಡುವುದು ಸಣ್ಣದಲ್ಲ.

ಕೌಂಟರಿನ ಆಚೆ

ನೇರವಾಗಿ ಅವರೇ, ಪಕ್ಕದವರ ಜೊತೆ ಮಾತಾಡುತ್ತಾ ಗ್ರಾಹಕರ ಮುಖ ನೋಡದಿರುವುದು ತಪ್ಪು. ಅದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ. ಹಾಗೆ ಮಾಡಿದ ದಿನಗಳು ನನಗೂ ಇವೆ, ಇವತ್ತು ನೆನೆಸಿಕೊಂಡರೆ ಬೇಸರವಾಗುತ್ತದೆ.

ಬೋರ್ಡ್ ವಿಷಯದಲ್ಲಿ ತಪ್ಪು ಬೇರೆ. ಕೌಂಟರ್ ಮುಚ್ಚಬೇಕು ಅಂತ ಮೇಲಿನವರು ಹೇಳಿದಾಗ ಸಾಲಿನ ಕೊನೆಯವರ ಹಿಂದೆ ಬೋರ್ಡ್ ಇಡಬೇಕು. ಮುಂದೆ ಅಲ್ಲ. ಹಾಗೆ ಇಡಲು ಯಾರೂ ಹೇಳಿಕೊಡದಿದ್ದರೆ ಹೊಸಬರು ತಮ್ಮ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಆ ಕ್ಷಣದಲ್ಲಿ "ನಾನು ಬೋರ್ಡ್ ಇಡೋಕೆ ಮೊದಲೇ ಸಾಲಲ್ಲಿ ಇದ್ದೆ, ನನ್ನದೊಂದು ಮುಗಿಸಿಕೊಡಿ" ಅಂತ ಮೆಲ್ಲಗೆ ಹೇಳಿದವರನ್ನು ನಾನು ಯಾವತ್ತೂ ವಾಪಸ್ ಕಳಿಸಿಲ್ಲ.

ಫೋನ್ ನಂಬರ್, ಸದಸ್ಯತ್ವ, ಇವತ್ತಿನ ಆಫರ್, ಇದನ್ನೆಲ್ಲ ಕೇಳುವುದು ನಮ್ಮ ಇಷ್ಟದಿಂದ ಅಲ್ಲ. ನಾನಿದ್ದ ಕಡೆ ದಿನಕ್ಕೆ ಇಷ್ಟು ಜನರ ನಂಬರ್ ತೆಗೆದುಕೊಳ್ಳಬೇಕು ಅಂತ ಗುರಿ ಇತ್ತು. ಒಂದು ನಿಮಿಷಕ್ಕೆ ಎಷ್ಟು ಸಾಮಾನು ಸ್ಕ್ಯಾನ್ ಆಯಿತು ಅನ್ನುವ ಲೆಕ್ಕವೂ ಯಂತ್ರದಲ್ಲಿ ಬರುತ್ತಿತ್ತು. ನೀವು ಚೀಲ ಕಟ್ಟುವ ತನಕ ಕೈ ಕಟ್ಟಿ ನಿಂತರೆ ಆ ಲೆಕ್ಕ ಕೆಳಗೆ ಬೀಳುತ್ತದೆ. ಹಿಂದಿನವರ ಸಾಮಾನನ್ನು ಅಷ್ಟು ಬೇಗ ಶುರು ಮಾಡುವುದರ ಹಿಂದೆ ಅದೇ ಇರುವುದು. ನಂಬರ್ ಬೇಡ ಅಂದರೆ "ಬೇಡ, ಥ್ಯಾಂಕ್ಸ್" ಸಾಕು. ಕಾರಣ ಹೇಳಬೇಡಿ. ಕಾರಣ ಹೇಳಿದರೆ ಅದಕ್ಕೆ ಒಂದು ಉತ್ತರ ನಮಗೆ ಮೊದಲೇ ಕಲಿಸಿರುತ್ತಾರೆ.

ನಗುವಿನ ಬಗ್ಗೆಯೂ ಒಂದು ಮಾತು. ಒಳಗೆ ಏನೇ ಇರಲಿ ಹೊರಗೆ ಕಂಪನಿ ಹೇಳಿದ ಮುಖ ಇಟ್ಟುಕೊಳ್ಳುವುದೂ ದುಡಿಮೆಯೇ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಬರೆದರು. ಅವರು ಮುಖ್ಯವಾಗಿ ನೋಡಿದ್ದು ವಿಮಾನದ ಪರಿಚಾರಕಿಯರನ್ನು. ನಾನು ಅದನ್ನು ಓದಿದ್ದು ಕೆಲಸ ಬಿಟ್ಟ ಮೇಲೆ. ಎಂಟು ಗಂಟೆ ನಿಂತು ಮನೆಗೆ ಹೋದಾಗ ಕಾಲಿಗಿಂತ ಮುಖ ಜಾಸ್ತಿ ನೋಯುತ್ತಿತ್ತು, ಯಾಕೆ ಅಂತ ಆಗ ಗೊತ್ತಾಗಿರಲಿಲ್ಲ.

ನೇರವಾಗಿ

ಇದು ಗೊತ್ತಿರಲಿಲ್ಲ. ಗುರಿ ಇಟ್ಟವರ ಮೇಲೆ ಸಿಟ್ಟು ಬರಬೇಕು ಅಂದ ಹಾಗಾಯಿತು. ಆದರೆ ಅವರು ಕೌಂಟರಿನಲ್ಲಿ ಸಿಗುವುದಿಲ್ಲ ಅಲ್ವಾ?

ಕೌಂಟರಿನ ಆಚೆ

ಸಿಗುವುದಿಲ್ಲ. ಬಿಲ್ಲಿನ ಕೆಳಗೆ ದೂರಿಗೆ ನಂಬರೋ ವಿಳಾಸವೋ ಇದ್ದರೆ ಅಲ್ಲಿಗೆ ಬರೆಯಿರಿ. "ಕ್ಯಾಶಿಯರ್ ಒರಟು" ಅಂತ ಬರೆಯಬೇಡಿ, ಅದು ನೇರ ಆ ಹುಡುಗನ ಮೇಲೆ ಬೀಳುತ್ತದೆ. "ಚೀಲ ತುಂಬಲು ಜಾಗ ಇಲ್ಲ, ಸಮಯ ಕೊಡುವುದಿಲ್ಲ" ಅಂತ ಬರೆಯಿರಿ. ಅದು ಅಂಗಡಿಯ ಮೇಲೆ ಬೀಳುತ್ತದೆ.

ಗೆರೆಗಳ ಲೆಕ್ಕ

ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಅದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

"ಅಲ್ಲಿ ಒಂದು ಬೆಲೆ ಬರೆದಿದೆ, ಇಲ್ಲಿ ಇನ್ನೊಂದು ಬರುತ್ತಿದೆ" ಅಂತ ಕ್ಯಾಶಿಯರ್ ಜೊತೆ ವಾದ ಮಾಡುವವರನ್ನು ದಿನಾ ನೋಡುತ್ತೇನೆ. ಬಾರ್‌ಕೋಡಿನ ಒಳಗೆ ಬೆಲೆ ಇರುವುದೇ ಇಲ್ಲ. ಅಲ್ಲಿರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಹಿಡಿದು ಅಂಗಡಿಯ ಕಂಪ್ಯೂಟರ್ ತನ್ನ ಪಟ್ಟಿಯಿಂದ ಬೆಲೆ ತರುತ್ತದೆ. ಪಟ್ಟಿ ಬದಲಾಗಿ ಶೆಲ್ಫಿನ ಚೀಟಿ ಬದಲಾಗದಿದ್ದರೆ, ಇಲ್ಲವೇ ಚೀಟಿ ಬದಲಾಗಿ ಪಟ್ಟಿ ಬದಲಾಗದಿದ್ದರೆ, ಎರಡು ಬೆಲೆ. ಅಂಗಡಿಯಲ್ಲೇ ತೂಗಿ ಅಂಟಿಸುವ ಚೀಟಿಗಳು ಮಾತ್ರ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ತೂಕವೋ ಬೆಲೆಯೋ ಸಂಖ್ಯೆಯ ಒಳಗೇ ಇರುತ್ತದೆ, ಅಂಥವು 2ರಿಂದ ಶುರುವಾಗುತ್ತವೆ. ಹಾಗಾಗಿ ಎದುರಿಗಿರುವವರನ್ನು ಸುಳ್ಳುಗಾರರ ಹಾಗೆ ನೋಡಬೇಡಿ, ಶೆಲ್ಫಿನ ಚೀಟಿಯ ಫೋಟೋ ತೋರಿಸಿ. ಫೋಟೋ ಇದ್ದರೆ ಯಾರೂ ಅಷ್ಟು ದೂರ ಓಡಿ ಹೋಗಿ ನೋಡಿ ಬರಬೇಕಾಗಿಲ್ಲ.

ಗೆರೆ ಓದದಿದ್ದಾಗ ಅವರು ಕೆಳಗಿನ 13 ಅಂಕಿಗಳನ್ನು ಕೈಯಲ್ಲಿ ಒತ್ತುತ್ತಾರೆ, ತಪ್ಪು ಅಂತ ಬರುತ್ತದೆ, ಮತ್ತೆ ಒತ್ತುತ್ತಾರೆ. ನಮಗೆ ಅಸಹನೆ. ಆ 13ನೇ ಅಂಕಿ ಇರುವುದೇ ತಪ್ಪು ಹಿಡಿಯಲು. ಎಡದಿಂದ ಎರಡನೆಯ, ನಾಲ್ಕನೆಯ, ಆರನೆಯ, ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು 3ರಿಂದ ಗುಣಿಸಿ, ಉಳಿದವನ್ನು ಹಾಗೇ ಕೂಡಿಸಿದರೆ ಒಟ್ಟು ಮೊತ್ತ 10ರಿಂದ ಸರಿಯಾಗಿ ಭಾಗವಾಗಬೇಕು. ಒಂದೇ ಒಂದು ಅಂಕಿ ತಪ್ಪಿದರೂ ಭಾಗವಾಗುವುದಿಲ್ಲ. ಆ ತಡೆ ಇರುವುದರಿಂದಲೇ ಬೇರೆ ಯಾರದೋ ಸಾಮಾನಿನ ಬೆಲೆ ನಿಮ್ಮ ಬಿಲ್ಲಿಗೆ ಬರುವುದು ಕಡಿಮೆ. ಅಂಗಡಿಯಲ್ಲಿ ಮೊದಲ ಸಲ ಈ ಥರದ ಗೆರೆಗಳನ್ನು ಸ್ಕ್ಯಾನ್ ಮಾಡಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಅನ್ನುವ ಊರಿನಲ್ಲಿ. ಅದಕ್ಕೂ ಮೊದಲು ಕ್ಯಾಶಿಯರ್‌ಗಳು ಪ್ರತಿ ಬೆಲೆಯನ್ನೂ ಕೈಯಲ್ಲೇ ಒತ್ತುತ್ತಿದ್ದರು.

ಅಂದ ಹಾಗೆ ಸಂಜೆಮಲ್ಲಿಗೆ ಅವರೇ, ಬಿಲ್ ನುಣುಪಾಗಿರಲು ಕಾರಣ ಇದೆ. ಅದರಲ್ಲಿ ಶಾಯಿ ಇಲ್ಲ. ಕಾಗದದ ಮೇಲೆ ರಾಸಾಯನಿಕದ ಲೇಪ ಇರುತ್ತದೆ, ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ. ಅದಕ್ಕೇ ಕೆಲವು ತಿಂಗಳಿಗೆ ಅಕ್ಷರ ಮಾಸಿ ಹೋಗುವುದು. ವಾರಂಟಿ ಇರುವ ವಸ್ತುವಿನ ಬಿಲ್ ಆದರೆ ಅವತ್ತೇ ಫೋಟೋ ತೆಗೆದಿಡಿ.

ಹಳೇಚೀಲ

ಒಂದೇ ಸಾಮಾನನ್ನು ಎರಡು ಸಲ ಸ್ಕ್ಯಾನ್ ಮಾಡಿದ್ದರು ಮೊನ್ನೆ. ಹೇಳಿದ ತಕ್ಷಣ ತೆಗೆಯಬಹುದಿತ್ತು, ಅದು ಬಿಟ್ಟು ಯಾರನ್ನೋ ಕೂಗಿದರು, ಆ ಯಾರೋ ಬರಲು ಬಹಳ ಹೊತ್ತಾಯಿತು, ಹಿಂದಿನ ಸಾಲೆಲ್ಲ ನನ್ನನ್ನೇ ನೋಡುತ್ತಿತ್ತು. ಒಂದು ಗುಂಡಿ ಒತ್ತಲು ಇಷ್ಟು ಕಷ್ಟವಾ?

ಗೆರೆಗಳ ಲೆಕ್ಕ

ಆ ಗುಂಡಿ ಬಹಳ ಕಡೆ ಕ್ಯಾಶಿಯರ್ ಕೈಯಲ್ಲಿ ಇರುವುದಿಲ್ಲ. ಮೇಲ್ವಿಚಾರಕರ ಕೀಲಿ ಅಥವಾ ಕೋಡ್ ಬೇಕು. ಇದರ ಬೇರು ಹಳೆಯದು. ಕ್ಯಾಶ್ ರಿಜಿಸ್ಟರ್ ಯಂತ್ರವನ್ನು 1879ರಲ್ಲಿ ಜೇಮ್ಸ್ ರಿಟ್ಟಿ ಅನ್ನುವವರು ಮಾಡಿದರು. ಅವರು ಒಂದು ಪಾನಗೃಹದ ಮಾಲೀಕರು. ಕೆಲಸದವರು ಹಣ ಜೇಬಿಗೆ ಹಾಕುವುದನ್ನು ತಡೆಯಲು ಆ ಯಂತ್ರ ಹುಟ್ಟಿತು. ಗ್ರಾಹಕರಿಗೆ ಅನುಕೂಲವಾಗಲಿ ಅಂತ ಅಲ್ಲ. ಇವತ್ತಿನ ಕಂಪ್ಯೂಟರಿನಲ್ಲೂ ಆ ಅನುಮಾನ ಹಾಗೇ ಉಳಿದಿದೆ. ಸಾಮಾನನ್ನು ಬಿಲ್ಲಿಗೆ ಹಾಕಿ, ಹಣ ಪಡೆದು, ಆಮೇಲೆ ಆ ಸಾಲು ಅಳಿಸಿಬಿಟ್ಟರೆ ಆ ಹಣ ಯಾರಿಗೂ ಗೊತ್ತಾಗದೆ ಹೋಗಬಹುದಲ್ಲ, ಅದಕ್ಕೆ ಬೀಗ. ಹಾಗಾಗಿ ಹಣ ಕೊಡುವ ಮೊದಲೇ ಪರದೆ ನೋಡಿ. ಬಿಲ್ ಮುಗಿಯುವ ಮೊದಲು ಒಂದು ಸಾಲು ತೆಗೆಯುವುದು ಸುಲಭ. ಬಿಲ್ ಮುಗಿದ ಮೇಲೆ ಹಣ ವಾಪಸ್ ಅಂದರೆ ಇನ್ನೂ ಉದ್ದದ ದಾರಿ.

ನಿಧಾನ

ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ನಿಂತ ಸಾಲೇ ಯಾವಾಗಲೂ ನಿಧಾನ ಅಂತ ಕ್ಯಾಶಿಯರ್‌ಗಳ ಮೇಲೆ ಮುನಿಸಿತ್ತು. ಆಮೇಲೆ ಲೆಕ್ಕ ಹಾಕಿದೆ. ಪಕ್ಕಪಕ್ಕ ಮೂರು ಸಾಲು ಇದ್ದರೆ ನನ್ನದೇ ಎಲ್ಲಕ್ಕಿಂತ ಬೇಗ ಸರಿಯುವ ಸಂಭವ ಮೂರರಲ್ಲಿ ಒಂದು. ಮೂರರಲ್ಲಿ ಎರಡು ಸಲ ಪಕ್ಕದ್ದು ಯಾವುದೋ ಮುಂದೆ ಹೋಗಿಯೇ ಹೋಗುತ್ತದೆ. ಈ ಸಾಲುಗಳ ಗಣಿತ ಶುರುವಾಗಿದ್ದು ಟೆಲಿಫೋನ್ ಕರೆಗಳಿಂದ, ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲಿ ಮೊದಲ ಲೇಖನ ಬರೆದರು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಖಾಲಿಯಾದ ಕೌಂಟರಿಗೆ ಒಬ್ಬೊಬ್ಬರಾಗಿ ಹೋಗುವ ಪದ್ಧತಿ ಇದ್ದರೆ ಒಬ್ಬರ ಬಿಲ್ ಸಿಕ್ಕಿಕೊಂಡರೂ ಹಿಂದಿನವರೆಲ್ಲ ಸಿಕ್ಕಿಕೊಳ್ಳುವುದಿಲ್ಲ. ಆಯ್ಕೆ ಇದ್ದರೆ ನಾನು ಅಂಥ ಅಂಗಡಿಗೇ ಹೋಗುತ್ತೇನೆ.

ತುಂಬಿದ ಬುಟ್ಟಿ

ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ತಾಯಿಗೆ ಹಾಸಿಗೆ ಹಿಡಿದ ಮೇಲೆ ದೊಡ್ಡವರ ಡೈಪರ್ ತರುವುದು ನನ್ನ ಕೆಲಸ. ಒಂದು ಸಲ ಕ್ಯಾಶಿಯರ್ ಆ ಪ್ಯಾಕೆಟ್ ಎತ್ತಿ ಹಿಡಿದು, "ಇದು ಯಾರಿಗೆ, ನಿಮಗಾ?" ಅಂತ ಕೇಳಿದರು. ನಗುತ್ತಾ ಕೇಳಿದರು, ಕೆಟ್ಟ ಉದ್ದೇಶ ಇರಲಿಲ್ಲ ಅಂತ ಈಗ ಅನಿಸುತ್ತದೆ. ಅವತ್ತು ಗಂಟಲು ಕಟ್ಟಿತು. ಸಾಮಾನು ಅಲ್ಲೇ ಬಿಟ್ಟು ಬಂದೆ. ನಾಣ್ಯ ಜಾರಿದರೆ ಹೆಕ್ಕಿಕೊಳ್ಳಬಹುದು. ಇದು ಹಾಗಲ್ಲ. ಬುಟ್ಟಿಯಲ್ಲಿ ಇರುವುದು ಒಂದು ಮನೆಯ ಒಳಗಿನ ವಿಷಯ, ಅದನ್ನು ನೋಡುವ ಕೆಲಸ ಅವರದು ಹೌದು, ಅದರ ಬಗ್ಗೆ ಮಾತಾಡುವ ಕೆಲಸ ಅಲ್ಲ.

ಕೌಂಟರಿನ ಆಚೆ

ಇದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನಮಗೆ ಕೆಲಸಕ್ಕೆ ಸೇರಿದಾಗ "ಗ್ರಾಹಕರ ಜೊತೆ ಮಾತಾಡಿ" ಅಂತ ಹೇಳಿಕೊಟ್ಟಿದ್ದರು. ಯಾವುದರ ಬಗ್ಗೆ ಮಾತಾಡಬಾರದು ಅಂತ ಹೇಳಿಕೊಡಲಿಲ್ಲ. ಎದುರಿಗೆ ಕಾಣುವುದು ಸಾಮಾನು ಮಾತ್ರ, ಅದರಿಂದ ಮಾತು ಶುರುವಾಗುತ್ತದೆ. ಒಂದು ದಿನ ನಾನು ಒಬ್ಬರಿಗೆ "ಓ, ಮನೇಲಿ ಮಗು ಬಂತಾ?" ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಅವರ ಮುಖ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಬುಟ್ಟಿಯಲ್ಲಿ ಏನಿದೆ ಅನ್ನುವುದನ್ನು ಬಾಯಿಗೆ ತರಲಿಲ್ಲ.

ಅಂಥ ಮಾತು ಬಂದಾಗ ಉತ್ತರ ಕೊಡಲೇಬೇಕು ಅಂತಿಲ್ಲ. "ಅದರ ಮಾತು ಬೇಡ, ಬಿಲ್ ಮಾಡಿ" ಅಂತ ಸಮ ದನಿಯಲ್ಲಿ ಹೇಳಿ. ಹಾಗೆ ಹೇಳಿಸಿಕೊಂಡ ಕ್ಯಾಶಿಯರ್ ಮುಂದಿನವರಿಗೆ ಆ ಪ್ರಶ್ನೆ ಕೇಳುವ ಮೊದಲು ಒಂದು ಸಲ ಯೋಚಿಸುತ್ತಾರೆ. ಮಾತು ಹೊರಡದಿದ್ದರೆ ಅದೂ ಸರಿ. ಬಿಟ್ಟು ಬಂದದ್ದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಡಿ.

ಒಂದೇ ಕಿವಿ

ತುಂಬಿದ ಬುಟ್ಟಿ ಅವರೇ, ನಿಮ್ಮ ತಾಯಿ ಈಗ ಹೇಗಿದ್ದಾರೆ?

ತುಂಬಿದ ಬುಟ್ಟಿ

ಹಾಗೇ ಇದ್ದಾರೆ. ಕೇಳಿದ್ದಕ್ಕೆ ಖುಷಿಯಾಯಿತು. ಈಗ ಬೇರೆ ಕೌಂಟರಿಗೆ ಹೋಗುತ್ತೇನೆ, ಅಲ್ಲಿ ಒಬ್ಬರಿದ್ದಾರೆ, ಏನೂ ಹೇಳದೆ ಆ ಪ್ಯಾಕೆಟ್ಟನ್ನು ಮೊದಲು ಚೀಲದ ಒಳಗೆ ಹಾಕಿ ಆಮೇಲೆ ಉಳಿದದ್ದನ್ನು ಮೇಲೆ ಇಡುತ್ತಾರೆ. ನಾನು ಅವರಿಗೆ ಇದನ್ನು ಯಾವತ್ತೂ ಹೇಳಿಕೊಟ್ಟಿಲ್ಲ.

ನಿಧಾನ

ಕಾರ್ಡ್ ನಡೆಯದಿದ್ದಾಗ ಜೋರಾಗಿ "ಡಿಕ್ಲೈನ್ ಆಯ್ತು" ಅನ್ನುವುದೂ ಇಂಥದ್ದೇ. ಬಹಳ ಸಲ ಅದು ನೆಟ್‌ವರ್ಕ್ ತೊಂದರೆ, ಖಾತೆ ಖಾಲಿ ಅಂತ ಅಲ್ಲ. ನಾನು "ಇನ್ನೊಂದ್ಸಲ ಚಿಪ್ ಹಾಕಿ ನೋಡೋಣ" ಅನ್ನುತ್ತೇನೆ. ಎರಡನೇ ಸಲ ಹಾಕುವ ಮೊದಲು ಹಣ ಕಡಿತವಾಗಿದೆಯಾ ಅಂತ ಫೋನಿನಲ್ಲಿ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಹೋಗುವುದೂ ಉಂಟು.

ಸಂಜೆಮಲ್ಲಿಗೆ

ಎಲ್ಲರಿಗೂ ಥ್ಯಾಂಕ್ಸ್. ನಾಣ್ಯದ ವಿಷಯಕ್ಕೆ ಶುರು ಮಾಡಿದೆ, ಎಲ್ಲಿಗೋ ಹೋಯಿತು. ಒಳ್ಳೆಯದೇ ಆಯಿತು.

ಇವತ್ತು ಹೋಗಿದ್ದೆ. ನೋಟು ಕೊಡುವಾಗಲೇ ಹೇಳಿದೆ, ಚಿಲ್ಲರೆ ಮೊದಲು ಕೊಡ್ತೀರಾ ಅಂತ. ಆ ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. ಸಿಟ್ಟು ಮಾಡಿಕೊಂಡಳೇನೋ ಅಂತ ಹೆದರಿಕೆ ಆಯಿತು. ಅವಳು ನಾಣ್ಯವನ್ನು ಅಂಗೈಗೆ ಹಾಕಿ, ನಾನು ಪರ್ಸಿಗೆ ಹಾಕಿಕೊಳ್ಳುವ ತನಕ ನೋಟು ಹಿಡಿದು ಕಾದಳು. ಬಿಲ್ಲನ್ನು ಚೀಲಕ್ಕೆ ಹಾಕಿದಳು. ಒಂದು ನಾಣ್ಯವೂ ಬೀಳಲಿಲ್ಲ. ಹಿಂದಿನವರ ಸಾಮಾನು ಮಾತ್ರ ಬಂದು ಬಿತ್ತು, ಅದಕ್ಕೆ ಇನ್ನೊಂದು ದಿನ ನೋಡುತ್ತೇನೆ.

ಕೌಂಟರಿನ ಆಚೆ

ಅದಕ್ಕೆ, ಮೊದಲ ಸಾಮಾನು ಸ್ಕ್ಯಾನ್ ಆಗುವ ಮೊದಲೇ ನಿಮ್ಮ ಚೀಲವನ್ನು ಬಾಯಿ ತೆರೆದು ಆ ಕಡೆ ನಿಲ್ಲಿಸಿಬಿಡಿ. ತೆರೆದ ಚೀಲ ಕಂಡರೆ ನಮ್ಮ ಕೈ ತಾನಾಗಿ ಅದರೊಳಗೇ ಹೋಗುತ್ತದೆ.